ಬಾಡಿಗೆ ಬಂತು, ಆದಾಯ ಎಷ್ಟು? ಮನೆಯಿಂದ ಗಳಿಸುವ ಹಣದ ಒಳಲೆಕ್ಕ

ಮಗಳು ಓದಲು ಹೋದಳು, ಮಗ ಕೆಲಸಕ್ಕೆ ಹೋದ. ಮಹಡಿ ಮೇಲಿನ ಕೋಣೆಯಲ್ಲಿ ಈಗ ಉಳಿದಿರುವುದು ಹಳೆಯ ಟ್ರಂಕು, ಕಟ್ಟಿಟ್ಟ ಪತ್ರಿಕೆಗಳ ರಾಶಿ, ಒದ್ದೆ ಟವಲು ಹರಡಲು ಬಳಕೆಯಾಗುತ್ತಿರುವ ವ್ಯಾಯಾಮದ ಸೈಕಲ್ಲು. ಸಾಲದ ಕಂತು ಹೆಚ್ಚಾದ ತಿಂಗಳು ಅಥವಾ ನಿವೃತ್ತಿ ಹತ್ತಿರವಾದ ವರ್ಷ ಆ ಕೋಣೆ ಇದ್ದಕ್ಕಿದ್ದಂತೆ ಬೇರೆಯೇ ಥರ ಕಾಣತೊಡಗುತ್ತದೆ. ಇದನ್ನು ಬಾಡಿಗೆಗೆ ಕೊಟ್ಟರೆ? ಅದರ ಬೆನ್ನಿಗೇ ಇನ್ನೊಂದು ಯೋಚನೆ: ಉಳಿತಾಯದ ಹಣದಲ್ಲಿ, ಸ್ವಲ್ಪ ಸಾಲ ಮಾಡಿ, ಮತ್ತೊಂದು ಸಣ್ಣ ಮನೆ ಕೊಂಡು ಅದನ್ನೂ ಬಾಡಿಗೆಗೆ ಬಿಟ್ಟರೆ?

ಎರಡೂ ಪ್ರಶ್ನೆಗಳನ್ನು ನಾವು ಒಂದೇ ಉಸಿರಿನಲ್ಲಿ ಕೇಳಿಬಿಡುತ್ತೇವೆ. ಲೆಕ್ಕ ಹಾಕಲು ಕೂತರೆ ಅವು ಎರಡು ಬೇರೆ ವ್ಯವಹಾರಗಳು ಎಂಬುದು ಗೊತ್ತಾಗುತ್ತದೆ. ಮನೆಯಿಂದ ಕೈಗೆ ಬರುವ ಹಣದಲ್ಲಿ ಮೂರು ಬಗೆಯ ದುಡಿಮೆ ಬೆರೆತಿರುತ್ತದೆ: ಜಾಗ ದುಡಿದದ್ದು, ನಿಮ್ಮ ಮೈಕೈ ದುಡಿದದ್ದು, ಸಾಲ ತಂದುಕೊಟ್ಟದ್ದು. ಮೂರನ್ನೂ ಒಂದೇ ಡಬ್ಬಿಗೆ ಹಾಕಿ 'ಬಾಡಿಗೆ' ಎಂದು ಕರೆದರೆ ಯಾವುದು ಲಾಭ, ಯಾವುದು ಕೂಲಿ, ಯಾವುದು ಅಪಾಯದ ಬೆಲೆ ಎಂಬುದು ತಿಳಿಯುವುದೇ ಇಲ್ಲ. ಅವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಬಾಡಿಗೆ ಬೇರೆ, ಆದಾಯ ಬೇರೆ

ಲೆಕ್ಕ ಸುಲಭವಾಗಲೆಂದು ಒಂದು ಮನೆಯ ಬೆಲೆ 1,00,000 ಎಂದಿಟ್ಟುಕೊಳ್ಳಿ. ರೂಪಾಯಿಯೋ ಡಾಲರೋ ಎಂಬ ಪ್ರಶ್ನೆ ಬೇಡ. ಇಲ್ಲಿ ಮುಖ್ಯವಾದದ್ದು ಪ್ರಮಾಣ ಮಾತ್ರ, ಬೇಕಾದಷ್ಟು ಸೊನ್ನೆಗಳನ್ನು ಆಮೇಲೆ ನೀವೇ ಸೇರಿಸಿಕೊಳ್ಳಬಹುದು. ಆ ಮನೆಗೆ ತಿಂಗಳಿಗೆ 400 ಬಾಡಿಗೆ. ವರ್ಷಕ್ಕೆ 4,800. ಹಾಕಿದ ಹಣಕ್ಕೆ ನೂರಕ್ಕೆ 4.8ರಷ್ಟು ಬಂತು ಎನ್ನುತ್ತಾರೆ ದಲ್ಲಾಳಿಗಳು. ಇದಕ್ಕೆ ಒಟ್ಟು ಇಳುವರಿ ಎಂದು ಹೆಸರು. ಗದ್ದೆಯಲ್ಲಿ ಬೆಳೆದ ಭತ್ತವನ್ನೆಲ್ಲ ಅಳೆದ ಹಾಗೆ ಇದು. ಬೀಜ, ಗೊಬ್ಬರ, ಆಳಿನ ಕೂಲಿ ಇನ್ನೂ ಕಳೆದಿಲ್ಲ.

ಈಗ ಕಳೆಯೋಣ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ಹೊತ್ತಿಗೆ ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಇತ್ತೆಂದರೆ 400 ಹೋಯಿತು. ಒಂದೇ ತಿಂಗಳು ಎಂದು ಕೇಳಲು ಹಗುರ, ಆದರೆ ಅದು ವರ್ಷದ ಬಾಡಿಗೆಯಲ್ಲಿ ನೂರಕ್ಕೆ ಎಂಟು ಪಾಲಿಗಿಂತ ಹೆಚ್ಚು. ದುರಸ್ತಿಗೆ ವರ್ಷಕ್ಕೆ ಮನೆಯ ಬೆಲೆಯ ನೂರಕ್ಕೆ ಒಂದರಷ್ಟು ತೆಗೆದಿಡಬೇಕು ಎಂಬುದು ಅನೇಕ ಕಡೆ ಬಳಕೆಯಲ್ಲಿರುವ ಒರಟು ಅಂದಾಜು: 1,000. ಆಸ್ತಿ ತೆರಿಗೆ, ವಿಮೆ ಸೇರಿ 400. ದಲ್ಲಾಳಿ ಕಮಿಷನ್, ಕರಾರುಪತ್ರ, ಸಣ್ಣಪುಟ್ಟ ಓಡಾಟ 200. ಒಟ್ಟು 2,000. ಕೈಯಲ್ಲಿ ಉಳಿದದ್ದು 2,800.

ಅಲ್ಲಿಗೂ ಮುಗಿಯಲಿಲ್ಲ. ಮನೆ ಕೊಳ್ಳುವಾಗ ನೋಂದಣಿ, ಮುದ್ರಾಂಕ ಶುಲ್ಕ, ವಕೀಲರು, ಬಣ್ಣ ಇತ್ಯಾದಿಗೆ 7,000 ಹೋಗಿತ್ತು. ಹಾಗಾಗಿ ನೀವು ಹೂಡಿದ್ದು 1,07,000. ಅದಕ್ಕೆ 2,800 ಎಂದರೆ ನೂರಕ್ಕೆ ಸುಮಾರು 2.6. ಇದು ನಿವ್ವಳ ಇಳುವರಿ. ಜಾಹೀರಾತಿನ 4.8 ಮತ್ತು ಕೈಗೆ ಸಿಕ್ಕ 2.6ರ ನಡುವಿನ ಅಂತರದಲ್ಲಿಯೇ ಈ ವ್ಯವಹಾರದ ಬಹುಪಾಲು ನಿರಾಸೆಗಳು ಹುಟ್ಟುವುದು.

ದುರಸ್ತಿಯ ಸಾಲನ್ನು ಬರೆಯುವಾಗ ಎಲ್ಲರ ಪೆನ್ನೂ ಸ್ವಲ್ಪ ಜಾರುತ್ತದೆ. ಹೊಸ ಮನೆಗೆ ಮೊದಲ ಐದು ವರ್ಷ ಖರ್ಚೇ ಬರುವುದಿಲ್ಲ; ಆರನೆಯ ವರ್ಷ ನೀರಿನ ಪೈಪು, ತಾರಸಿಯ ಸೋರಿಕೆ, ಮೋಟರು ಮೂರೂ ಒಂದೇ ಮಳೆಗಾಲದಲ್ಲಿ ಕೈಕೊಡುತ್ತವೆ. ಈ ಸಂಕಟ ಹೊಸದೇನೂ ಅಲ್ಲ. ಕ್ರಿ.ಪೂ. 44ರಲ್ಲಿ ರೋಮಿನ ವಾಗ್ಮಿ ಸಿಸೆರೋ ತನ್ನ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ತನ್ನ ಬಾಡಿಗೆ ಮಳಿಗೆಗಳ ಪೈಕಿ ಎರಡು ಕುಸಿದಿವೆ, ಮಿಕ್ಕವು ಬಿರುಕು ಬಿಟ್ಟಿವೆ, ಬಾಡಿಗೆದಾರರಷ್ಟೇ ಅಲ್ಲ, ಇಲಿಗಳು ಕೂಡ ಜಾಗ ಖಾಲಿ ಮಾಡಿವೆ ಎಂದು ಹೇಳಿಕೊಂಡಿದ್ದಾನೆ. ಇದನ್ನು ತೊಂದರೆ ಎಂದೂ ತಾನು ಎಣಿಸುವುದಿಲ್ಲ ಎಂದು ಸೇರಿಸಿದ್ದಾನೆ. ಅವನಿಗೆ ಬೇರೆ ಆಸ್ತಿಗಳಿದ್ದವು, ಬಿಡಿ.

ಇರುವ ಮನೆಯ ಲೆಕ್ಕ ಯಾಕೆ ಬೇರೆ

ಈಗ ಮಹಡಿ ಮೇಲಿನ ಕೋಣೆಗೆ ಬರೋಣ. ಮನೆ ಈಗಾಗಲೇ ನಿಮ್ಮದು. ಕೋಣೆ ಬಾಡಿಗೆಗೆ ಕೊಟ್ಟರೂ ಕೊಡದಿದ್ದರೂ ತೆರಿಗೆ, ವಿಮೆ, ಸುಣ್ಣಬಣ್ಣದ ಖರ್ಚು ಇದ್ದದ್ದೇ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಹೆಚ್ಚುವರಿಯಾಗಿ ಎಷ್ಟು ಹಾಕುತ್ತೀರಿ, ಹೆಚ್ಚುವರಿಯಾಗಿ ಎಷ್ಟು ಬರುತ್ತದೆ ಎಂಬುದನ್ನು ಮಾತ್ರ. ಬಸ್ಸು ಹೇಗೂ ಹೊರಟಿದೆ, ಖಾಲಿ ಸೀಟಿಗೆ ಒಬ್ಬ ಪ್ರಯಾಣಿಕ ಹತ್ತಿದರೆ ಡೀಸೆಲ್ಲೇನೂ ಹೆಚ್ಚು ಸುಡುವುದಿಲ್ಲವಲ್ಲ, ಹಾಗೆ.

ಅದೇ ಪ್ರಮಾಣದಲ್ಲಿ ಲೆಕ್ಕ ಹಾಕೋಣ. ಕೋಣೆಗೆ ಪ್ರತ್ಯೇಕ ಬಾತ್‌ರೂಮು, ಅಡುಗೆಗೆ ಒಂದು ಸಣ್ಣ ಕಟ್ಟೆ, ಬೇರೆ ವಿದ್ಯುತ್ ಮೀಟರು, ಹೊರಗಿನಿಂದಲೇ ಹತ್ತಲು ಮೆಟ್ಟಿಲು: ಒಟ್ಟು 2,000. ತಿಂಗಳ ಬಾಡಿಗೆ 125, ವರ್ಷಕ್ಕೆ 1,500. ನೀರು, ಸಣ್ಣ ದುರಸ್ತಿ, ಖಾಲಿ ಬಿದ್ದ ದಿನಗಳೆಲ್ಲ ಸೇರಿ 300 ಕಳೆಯಿರಿ. ಉಳಿದದ್ದು 1,200. ಹಾಕಿದ 2,000 ಇಪ್ಪತ್ತು ತಿಂಗಳಲ್ಲಿ ವಾಪಸು ಬಂತು. ಒಂದು ಲಕ್ಷದ ಎರಡನೆಯ ಮನೆ ವರ್ಷಕ್ಕೆ 2,800 ಕೊಟ್ಟರೆ, ಎರಡು ಸಾವಿರದ ಕೋಣೆ 1,200 ಕೊಡುತ್ತಿದೆ. ಹೊಸದಾಗಿ ಕೊಳ್ಳುವ ಜಾಗಕ್ಕಿಂತ ಸುಮ್ಮನೆ ಬಿದ್ದಿರುವ ಜಾಗವೇ ಹಾಕಿದ ಹಣಕ್ಕೆ ಹೆಚ್ಚು ದುಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಲೆಕ್ಕ ನನಗೆ ಗೊತ್ತಿಲ್ಲ.

ಹಾಗೆಂದು ಖರ್ಚೆಲ್ಲ ಹಣದಲ್ಲೇ ಇರುವುದಿಲ್ಲ. ಬೆಳಿಗ್ಗೆ ಆರಕ್ಕೆ ತಲೆಯ ಮೇಲೆ ಬೇರೆಯವರ ಕಾಲ ಸಪ್ಪಳ ಕೇಳುತ್ತದೆ. ಗೇಟಿನ ಬೀಗ ಯಾರು ಹಾಕಬೇಕು ಎಂಬ ಚರ್ಚೆ ನಡೆಯುತ್ತದೆ. ನೆಂಟರು ಬಂದಾಗ ಮಲಗಿಸಲು ಜಾಗವಿರುವುದಿಲ್ಲ. ಮೆಟ್ಟಿಲು ಹೊರಗಿದ್ದರೆ ಈ ಕಿರಿಕಿರಿಯ ಅರ್ಧ ಕಡಿಮೆಯಾಗುತ್ತದೆ. ಬೇರೆ ಮೀಟರು ಹಾಕಿಸಿದರೆ ಇನ್ನೊಂದು ಕಾಲು ಭಾಗ. ಮಿಕ್ಕ ಕಾಲು ಭಾಗವನ್ನು ಸಹಿಸಿಕೊಳ್ಳಬಲ್ಲಿರಾ ಎಂಬುದನ್ನು ಮನೆಯವರೆಲ್ಲ ಕೂತು ಮಾತಾಡಿಕೊಳ್ಳದೆ ಬಡಗಿಯನ್ನು ಕರೆಯಬೇಡಿ.

ಕೋಣೆಯೇ ಆಗಬೇಕೆಂದೂ ಇಲ್ಲ. ಕಾರಿಲ್ಲದ ಗ್ಯಾರೇಜನ್ನು ಪಕ್ಕದವರ ಕಾರಿಗೆ ಕೊಡಬಹುದು, ನೆಲಮಾಳಿಗೆಯನ್ನು ಸಾಮಾನು ಇಡಲು ಕೊಡಬಹುದು, ಮುಂದಿನ ಕೋಣೆಯಲ್ಲಿ ಸಂಜೆ ಪಾಠ ನಡೆಸಲು ಶಿಕ್ಷಕರೊಬ್ಬರಿಗೆ ಗಂಟೆ ಲೆಕ್ಕದಲ್ಲಿ ಬಿಡಬಹುದು. ಇವುಗಳಲ್ಲಿ ಹಣ ಕಡಿಮೆ. ರಾತ್ರಿ ಯಾರೂ ಉಳಿಯುವುದಿಲ್ಲವಾದ್ದರಿಂದ ತಲೆನೋವೂ ಕಡಿಮೆ.

ದಿನದ ಅತಿಥಿಯೋ, ತಿಂಗಳ ಬಾಡಿಗೆದಾರರೋ

2007ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಟ್ಟಿಗೆ ವಾಸವಿದ್ದ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ಎಂಬ ಇಬ್ಬರಿಗೆ ಮನೆ ಬಾಡಿಗೆ ಕಟ್ಟುವುದೇ ಕಷ್ಟವಾಗಿತ್ತು. ಊರಿನಲ್ಲಿ ವಿನ್ಯಾಸಕಾರರ ಸಮ್ಮೇಳನ, ಹೋಟೆಲುಗಳು ಭರ್ತಿ. ಅವರು ಗಾಳಿ ತುಂಬುವ ಮೂರು ಹಾಸಿಗೆಗಳನ್ನು ನೆಲದ ಮೇಲೆ ಹಾಸಿ, ಬೆಳಗಿನ ತಿಂಡಿಯೂ ಉಂಟು ಎಂದು ಪ್ರಚಾರ ಮಾಡಿ, ಮೂವರು ಅತಿಥಿಗಳನ್ನು ಉಳಿಸಿಕೊಂಡರು. ಮನೆ, ಕೋಣೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಿಸುವ ಜಾಲತಾಣ ಏರ್‌ಬಿಎನ್‌ಬಿ ಹುಟ್ಟಿದ್ದು ಹೀಗೆ. ಸ್ವಂತ ಮನೆಯ ಕೋಣೆಯನ್ನು ಒಂದೆರಡು ರಾತ್ರಿಗೆ ಕೊಡುವುದು ಹಿಂದೆಯೂ ಇತ್ತು. ಮೊಬೈಲಿನಲ್ಲಿ ಅತಿಥಿ ಸಿಗುವುದು, ಹಣ ಪಾವತಿಯಾಗುವುದು, ಇಬ್ಬರೂ ಪರಸ್ಪರ ಅಂಕ ಕೊಡುವುದು ಮಾತ್ರ ಹೊಸತು.

ನಮ್ಮ ಕೋಣೆಯನ್ನೇ ದಿನದ ಲೆಕ್ಕದಲ್ಲಿ ಬಿಟ್ಟರೆ? ರಾತ್ರಿಗೆ 15 ಎಂದಿಟ್ಟುಕೊಳ್ಳಿ. ತಿಂಗಳಲ್ಲಿ 15 ರಾತ್ರಿ ತುಂಬಿದರೆ 225. ಜಾಲತಾಣದ ಕಮಿಷನ್, ವಿದ್ಯುತ್ತು, ಸೋಪು, ಚಹಾ, ಹಾಸಿಗೆ ಬಟ್ಟೆಯ ಸವೆತಕ್ಕೆ 60 ಕಳೆದರೆ 165. ತಿಂಗಳ ಬಾಡಿಗೆದಾರರಿಂದ ಖರ್ಚು ಕಳೆದು ಬರುತ್ತಿದ್ದದ್ದು 100. ಅಂದರೆ 65 ಹೆಚ್ಚು. ಬರಹಗಳೆಲ್ಲ ಇಲ್ಲಿಗೆ ನಿಂತು 'ಹೆಚ್ಚು ಲಾಭ' ಎಂದು ಬರೆದುಬಿಡುತ್ತವೆ.

ಆದರೆ ಅತಿಥಿ ಹೊರಟ ಬೆಳಗ್ಗೆಯನ್ನೊಮ್ಮೆ ನೋಡಿ. ಹನ್ನೊಂದಕ್ಕೆ ಅವರು ಹೋಗುತ್ತಾರೆ, ಮೂರಕ್ಕೆ ಇನ್ನೊಬ್ಬರು ಬರುತ್ತಾರೆ. ಹಾಸಿಗೆಯ ಹೊದಿಕೆ, ದಿಂಬಿನ ಕವಚ, ಟವಲುಗಳನ್ನು ಕಿತ್ತು ಯಂತ್ರಕ್ಕೆ ಹಾಕಬೇಕು. ಇನ್ನೊಂದು ಜೊತೆ ಒಗೆದು ಮಡಚಿ ಸಿದ್ಧವಿರಬೇಕು. ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿಕೊಂಡ ಕೂದಲನ್ನು ಬೆರಳಿನಿಂದಲೇ ತೆಗೆಯಬೇಕು. ಕನ್ನಡಿಯ ಮೇಲಿನ ಟೂತ್‌ಪೇಸ್ಟಿನ ಚುಕ್ಕೆ, ಮಂಚದ ಕೆಳಗೆ ಬಿದ್ದ ಬಿಸ್ಕತ್ತಿನ ಚೂರು, ಮರೆತು ಹೋದ ಚಾರ್ಜರು. ಅಷ್ಟರಲ್ಲಿ ಮೊಬೈಲಿಗೆ ಸಂದೇಶ: ಬೇಗ ಬರಬಹುದೇ, ಕಾರು ನಿಲ್ಲಿಸಲು ಜಾಗವಿದೆಯೇ, ಬಿಸಿನೀರು ಎಷ್ಟು ಹೊತ್ತಿಗೆ? ಒಂದು ಬದಲಾವಣೆಗೆ ನಾಲ್ಕು ಗಂಟೆಯೆಂದರೆ, ತಿಂಗಳಿಗೆ ಆರು ಸಲ 24 ಗಂಟೆ. ಸಂದೇಶಗಳಿಗೆ ಉತ್ತರ, ಬೀಗದ ಕೈ ಹಸ್ತಾಂತರ ಎಲ್ಲ ಸೇರಿ 30 ಗಂಟೆ. ಆ ಹೆಚ್ಚುವರಿ 65 ಎಂಬುದು 30 ಗಂಟೆಯ ಕೂಲಿ. ಗಂಟೆಗೆ ಎರಡರ ಮೇಲೆ ಸ್ವಲ್ಪ. ಜಾಗ ದುಡಿದದ್ದು ಮೊದಲಿನಷ್ಟೇ. ನಿಮಗೆ ಸಮಯವಿದ್ದು, ಹೊಸಬರೊಂದಿಗೆ ಮಾತಾಡುವುದು ಇಷ್ಟವಿದ್ದರೆ ಈ ಕೂಲಿ ಒಳ್ಳೆಯದೇ. ಕೆಲಸಕ್ಕೆ ಜನ ಇಟ್ಟರೆ ಅದೇ 65 ಅವರ ಕೈಗೆ ಹೋಗುತ್ತದೆ.

ಊರಿನ ಕಾನೂನೂ ಇದೆ. ಮನೆಗಳೆಲ್ಲ ಪ್ರವಾಸಿಗರ ಪಾಲಾದರೆ ಊರಿನವರಿಗೆ ಬಾಡಿಗೆ ಮನೆಯೇ ಸಿಗುವುದಿಲ್ಲ ಎಂಬ ಕೂಗಿನಿಂದಾಗಿ ಹಲವು ನಗರಗಳು ಮಿತಿ ಹೇರಿವೆ. ಲಂಡನ್ನಿನಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ಇಡೀ ಮನೆಯನ್ನು ವರ್ಷಕ್ಕೆ 90 ರಾತ್ರಿಗಿಂತ ಹೆಚ್ಚು ಹೀಗೆ ಕೊಡುವಂತಿಲ್ಲ. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ಜಾರಿಯಾದ ಕಟ್ಟಳೆಯ ಪ್ರಕಾರ, 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕು, ಅತಿಥಿಗಳಿದ್ದಾಗ ತಾವೂ ಮನೆಯಲ್ಲೇ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳುವಂತಿಲ್ಲ. ಬಾರ್ಸಿಲೋನಾ ಇನ್ನೂ ಮುಂದೆ ಹೋಯಿತು: ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರಿನ ನಂತರ ಮುಂದುವರಿಸುವುದಿಲ್ಲ ಎಂದು 2024ರಲ್ಲಿ ಪ್ರಕಟಿಸಿತು. ದಿನಬಾಡಿಗೆಯನ್ನೇ ನಂಬಿ ಸಾಲ ಮಾಡಿ ಫ್ಲ್ಯಾಟು ಕೊಂಡವರ ಲೆಕ್ಕ ಒಂದು ಆದೇಶದಿಂದ ತಲೆಕೆಳಗಾಗಬಹುದು ಎಂಬುದಕ್ಕೆ ಇವು ಉದಾಹರಣೆ. ತಾನು ವಾಸವಿರುವ ಮನೆಯ ಒಂದು ಕೋಣೆ ಕೊಡುವವರಿಗೆ ಸಾಮಾನ್ಯವಾಗಿ ಇಂಥ ನಿಯಮಗಳು ಸಡಿಲ.

ಮುಂಗಡ ಆದಾಯವಲ್ಲ, ಸಾಲ

ಬಾಡಿಗೆದಾರರು ಕೊಡುವ ಮುಂಗಡ ಹಣ ನಿಮ್ಮ ಖಾತೆಗೆ ಬಂದ ದಿನ ಬ್ಯಾಂಕಿನ ಪುಸ್ತಕ ನೋಡಲು ಚೆನ್ನಾಗಿರುತ್ತದೆ. ಅದು ಅವರು ಹೋಗುವ ದಿನ ಹಿಂತಿರುಗಿಸಬೇಕಾದ ಸಾಲ. ಅದನ್ನು ಮನೆಯ ಬಣ್ಣಕ್ಕೆ ಖರ್ಚು ಮಾಡಿ, ಹಿಂತಿರುಗಿಸುವಾಗ ಹೊಸ ಬಾಡಿಗೆದಾರರ ಮುಂಗಡಕ್ಕಾಗಿ ಕಾಯುವುದು ಬಹಳ ಜಗಳಗಳ ಮೂಲ. ಬೇರೆ ಖಾತೆಯಲ್ಲಿ ಇಟ್ಟರೆ ಮರೆಯುವ ಪ್ರಮೇಯವಿಲ್ಲ.

ಕರಾರುಪತ್ರದಲ್ಲಿ ಬಾಡಿಗೆಯ ಮೊತ್ತಕ್ಕಿಂತ ಹೆಚ್ಚು ಗಮನ ಬೇಕಾದದ್ದು ಮೂರು ವಿಷಯಗಳಿಗೆ: ಅವಧಿ ಎಷ್ಟು, ಬಿಡಬೇಕಾದರೆ ಎಷ್ಟು ದಿನ ಮುಂಚೆ ಹೇಳಬೇಕು, ಯಾವ ದುರಸ್ತಿ ಯಾರ ಪಾಲಿಗೆ. ಬೀಗದ ಕೈ ಕೊಡುವ ದಿನ ಗೋಡೆ, ನೆಲ, ನಲ್ಲಿ, ಕಿಟಕಿಯ ಗಾಜು ಎಲ್ಲದರ ಫೋಟೋ ತೆಗೆದು ಇಬ್ಬರೂ ಇಟ್ಟುಕೊಂಡರೆ ಎರಡು ವರ್ಷದ ನಂತರ "ಈ ಬಿರುಕು ಮೊದಲೇ ಇತ್ತು" ಎಂಬ ವಾದಕ್ಕೆ ಜಾಗವೇ ಇರುವುದಿಲ್ಲ.

ಪತ್ರದ ತಲೆಬರಹ ಬದಲಿಸಿದರೆ ಕಾನೂನಿನಿಂದ ತಪ್ಪಿಸಿಕೊಳ್ಳಬಹುದು ಎಂದುಕೊಂಡವರಿದ್ದಾರೆ. ಬಾಡಿಗೆದಾರರಿಗೆ ಸಿಗುವ ರಕ್ಷಣೆ ಬೇಡವೆಂದು 'ಬಾಡಿಗೆ' ಎಂಬಲ್ಲಿ 'ವಾಸದ ಅನುಮತಿ' ಎಂದು ಬರೆಯುವುದು ಹಳೆಯ ಉಪಾಯ. 1985ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಇಂಥದೇ ಪ್ರಕರಣ ಬಂತು. ಒಬ್ಬರಿಗೆ ನಿಶ್ಚಿತ ಅವಧಿಗೆ, ಬಾಡಿಗೆ ಪಡೆದು, ಬೇರೆಯವರಿಗೆ ಪ್ರವೇಶವಿಲ್ಲದಂತೆ ಜಾಗ ಬಿಟ್ಟುಕೊಟ್ಟರೆ ಅದು ಬಾಡಿಗೆಯೇ, ಪತ್ರದಲ್ಲಿ ಏನೇ ಬರೆದಿರಲಿ ಎಂದು ನ್ಯಾಯಾಲಯ ಹೇಳಿತು. ಐದು ಹಲ್ಲುಗಳ ಅಗೆಯುವ ಸಾಧನ ಮಾಡಿ ಅದು ಸಲಿಕೆಯೆಂದು ತಯಾರಕ ಎಷ್ಟೇ ಹಟ ಹಿಡಿದರೂ ಅದು ಸಲಿಕೆಯಾಗುವುದಿಲ್ಲ ಎಂಬುದು ನ್ಯಾಯಮೂರ್ತಿಗಳು ಕೊಟ್ಟ ಹೋಲಿಕೆ. ಅದೇ ನಿಮ್ಮ ಜೊತೆಗೇ, ನಿಮ್ಮ ಅಡುಗೆಮನೆ ಹಂಚಿಕೊಂಡು ಇರುವವರ ಸ್ಥಾನ ಅನೇಕ ದೇಶಗಳಲ್ಲಿ ಬೇರೆ. ಅವರ ಹಕ್ಕುಗಳು ಕಡಿಮೆ, ನಿಮಗೆ ತೆರವು ಮಾಡಿಸುವುದು ಸುಲಭ. ಬಾಗಿಲು ಯಾರ ಹಿಡಿತದಲ್ಲಿದೆ ಎಂಬುದರ ಮೇಲೆ ಇದು ನಿಂತಿದೆ.

ಕೊಡುವ ಮುಂಚೆ ಇನ್ನೆರಡು ಕಾಗದ ತೆಗೆದು ಓದಿ: ಗೃಹಸಾಲದ ಷರತ್ತು ಮತ್ತು ವಿಮೆಯ ಪಾಲಿಸಿ. ಬಾಡಿಗೆಗೆ ಬಿಡುವಾಗ ತಿಳಿಸಬೇಕು ಎಂದು ಎರಡರಲ್ಲೂ ಇರಬಹುದು.

ಎರಡನೆಯ ಮನೆ ಮತ್ತು ಸಾಲದ ಸನ್ನೆಗೋಲು

ಸನ್ನೆಗೋಲಿನಿಂದ ಒಬ್ಬನೇ ಒಂದು ಬಂಡೆ ಎತ್ತಬಲ್ಲ. ಕೈ ಜಾರಿದರೆ ಅದೇ ಕೋಲು ಗಲ್ಲಕ್ಕೆ ಬಡಿಯುತ್ತದೆ. ಸಾಲದ ಹಣದಲ್ಲಿ ಮನೆ ಕೊಳ್ಳುವುದು ಇಂಥದೇ ಕೆಲಸ.

ಒಂದು ಲಕ್ಷದ ಮನೆಗೆ ನಿಮ್ಮದು 20,000, ಬ್ಯಾಂಕಿನದು 80,000. ಬೆಲೆ ನೂರಕ್ಕೆ ಹತ್ತು ಏರಿ 1,10,000 ಆಯಿತೆನ್ನಿ. ಬ್ಯಾಂಕಿಗೆ ಅದರ ಅಸಲು, ಬಡ್ಡಿ ಸಾಕು, ಏರಿಕೆಯಲ್ಲಿ ಪಾಲಿಲ್ಲ. ಹತ್ತು ಸಾವಿರವೂ ನಿಮ್ಮದೇ. ನೀವು ಹಾಕಿದ 20,000ಕ್ಕೆ ಅದು ಅರ್ಧದಷ್ಟು ಲಾಭ. ಬೆಲೆ ಹತ್ತು ಇಳಿದರೆ? ನಿಮ್ಮ ಹಣದ ಅರ್ಧ ಮಾಯ. ಇಪ್ಪತ್ತು ಇಳಿದರೆ ನಿಮ್ಮದೆಂಬುದು ಏನೂ ಉಳಿಯಲಿಲ್ಲ, ಸಾಲ ಮಾತ್ರ ಹಾಗೆಯೇ ಇದೆ. ಅಮೆರಿಕದಲ್ಲಿ 2006ರ ಶಿಖರದಿಂದ 2012ರ ಹೊತ್ತಿಗೆ ಮನೆಗಳ ಬೆಲೆ ಕಾಲು ಭಾಗಕ್ಕೂ ಹೆಚ್ಚು ಕುಸಿದಾಗ ಲಕ್ಷಾಂತರ ಕುಟುಂಬಗಳ ಸಾಲ ಅವರ ಮನೆಯ ಬೆಲೆಗಿಂತ ದೊಡ್ಡದಾಯಿತು.

ಬೆಲೆಯ ಮಾತು ದೂರದ್ದು. ತಿಂಗಳ ಕಂತು ಹತ್ತಿರದ್ದು. 80,000 ಸಾಲಕ್ಕೆ ನೂರಕ್ಕೆ 9ರ ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳಿಗೆ ಸುಮಾರು 720, ವರ್ಷಕ್ಕೆ 8,640. ಅದರಲ್ಲಿ ಮೊದಲ ವರ್ಷ ಬಡ್ಡಿಯೇ 7,140ರಷ್ಟು, ಅಸಲಿಗೆ ಸಲ್ಲುವುದು 1,500 ಮಾತ್ರ. ಮನೆ ತಂದುಕೊಡುವ ನಿವ್ವಳ ಹಣ 2,800. ಮಿಕ್ಕ 5,840 ಪ್ರತಿ ವರ್ಷ ನಿಮ್ಮ ಸಂಬಳದಿಂದ ಹೋಗಬೇಕು. 'ಬಾಡಿಗೆಯೇ ಕಂತು ಕಟ್ಟುತ್ತದೆ' ಎಂಬ ಮಾತು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಬಾಡಿಗೆ ಇಳುವರಿ ಸಾಲದ ಬಡ್ಡಿಗಿಂತ ಹೆಚ್ಚಿರುವ ಕಡೆ ಮಾತ್ರ ಆ ಮಾತು ನಿಜವಾಗುತ್ತದೆ. ಅದು ಕಡಿಮೆಯಿದ್ದಲ್ಲಿ ನೀವು ಮಾಡುತ್ತಿರುವುದು ಬೆಲೆ ಏರುತ್ತದೆ ಎಂಬ ಪಂದ್ಯ. ಪಂದ್ಯ ಕಟ್ಟುವುದು ಅಪರಾಧವಲ್ಲ. ಅದನ್ನು ಆದಾಯ ಎಂದುಕೊಂಡು ಕಟ್ಟುವುದು ಅಪಾಯ.

ಸಾಲ ಮಾಡಿದರೂ ಹಗುರವಾಗಿ ಮಾಡುವ ಒಂದು ದಾರಿ ಇದೆ. ಎರಡು ಅಥವಾ ಮೂರು ವಾಸದ ಭಾಗಗಳಿರುವ ಕಟ್ಟಡ ಕೊಂಡು ಒಂದರಲ್ಲಿ ತಾವಿದ್ದು ಮಿಕ್ಕವನ್ನು ಬಾಡಿಗೆಗೆ ಬಿಡುವುದು. ತಾವೇ ಕಟ್ಟಬೇಕಿದ್ದ ಬಾಡಿಗೆ ಉಳಿಯುತ್ತದೆ, ಉಳಿದ ಭಾಗಗಳ ಬಾಡಿಗೆ ಕಂತಿಗೆ ಒದಗುತ್ತದೆ, ನಲ್ಲಿ ಸೋರಿದರೆ ನೋಡಲು ಊರು ದಾಟಬೇಕಿಲ್ಲ. ಅಮೆರಿಕದ ಸರ್ಕಾರಿ ಗೃಹಸಾಲ ವಿಮೆಯಡಿ ಮಾಲೀಕರೇ ವಾಸವಿರುವುದಾದರೆ ನಾಲ್ಕು ಭಾಗಗಳವರೆಗಿನ ಕಟ್ಟಡಕ್ಕೆ ನೂರಕ್ಕೆ 3.5ರಷ್ಟು ಸ್ವಂತ ಹಣ ಹಾಕಿ ಸಾಲ ಪಡೆಯಬಹುದು. ಅಲ್ಲಿ ಈ ದಾರಿ ಜನಪ್ರಿಯವಾಗಲು ಅದೂ ಒಂದು ಕಾರಣ. ಸ್ವಂತ ಹಣ ಅಷ್ಟು ಕಡಿಮೆಯಿದ್ದಾಗ ಸನ್ನೆಗೋಲು ಎಷ್ಟು ಉದ್ದವಾಗುತ್ತದೆ ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೀವೇ ಹಾಕಿ ನೋಡಿ.

ಏರುವುದು ಮನೆಯೋ, ನೆಲವೋ

ಮನೆಗೆ ವಯಸ್ಸಾಗುತ್ತದೆ. ನೆಲಕ್ಕೆ ಆಗುವುದಿಲ್ಲ. ಅಮೆರಿಕದ ತೆರಿಗೆ ಕಾನೂನು ಬಾಡಿಗೆ ಮನೆಯ ಕಟ್ಟಡ 27.5 ವರ್ಷಗಳಲ್ಲಿ ಸವೆಯುತ್ತದೆ ಎಂದು ಲೆಕ್ಕ ಹಿಡಿದು ಪ್ರತಿ ವರ್ಷ ಅಷ್ಟು ಪಾಲನ್ನು ಆದಾಯದಿಂದ ಕಳೆಯಲು ಬಿಡುತ್ತದೆ. ಕೆಳಗಿನ ನೆಲಕ್ಕೆ ಈ ಸವಕಳಿ ಇಲ್ಲ. ನಾವು 'ಮನೆಯ ಬೆಲೆ ಏರಿತು' ಎನ್ನುವಾಗ ಬಹಳ ಸಲ ಏರಿರುವುದು ಅದರಡಿಯ ನೆಲದ ಬೆಲೆ. ಹತ್ತಿರದಲ್ಲಿ ರೈಲು ನಿಲ್ದಾಣವೋ ಕೆಲಸದ ಜಾಗಗಳೋ ಬಂದು, ಅಲ್ಲಿರಲು ಹೆಚ್ಚು ಜನ ಬಯಸಿದಾಗ ನೆಲ ಏರುತ್ತದೆ. ಜನ ಬಿಟ್ಟುಹೋದರೆ ಇಳಿಯುತ್ತದೆ. ಜಪಾನಿನಲ್ಲಿ 1991ರ ನಂತರ ನೆಲದ ಬೆಲೆ ಸುಮಾರು ಒಂದೂವರೆ ದಶಕ ಇಳಿಯುತ್ತಲೇ ಹೋಯಿತು. 2023ರ ಸಮೀಕ್ಷೆಯ ಪ್ರಕಾರ ಅಲ್ಲಿ 90 ಲಕ್ಷ ಮನೆಗಳು ಖಾಲಿ ಇವೆ, ಒಟ್ಟು ಮನೆಗಳಲ್ಲಿ ನೂರಕ್ಕೆ 13.8ರಷ್ಟು.

ಬಹಳ ದೀರ್ಘಾವಧಿಯ ಚಿತ್ರ ಬೇಕಿದ್ದರೆ ಆಮ್‌ಸ್ಟರ್‌ಡ್ಯಾಮಿನ ಹೆರೆನ್‌ಗ್ರಾಕ್ಟ್ ಕಾಲುವೆಯ ದಂಡೆಗೆ ಹೋಗಬೇಕು. ಅಲ್ಲಿನ ಶ್ರೀಮಂತ ಮನೆಗಳು ಕೈ ಬದಲಾದ ದಾಖಲೆಗಳು ಹದಿನೇಳನೆಯ ಶತಮಾನದಿಂದ ಉಳಿದುಬಂದಿವೆ. ಡಚ್ ಅರ್ಥಶಾಸ್ತ್ರಜ್ಞ ಪೀಟ್ ಐಕ್‌ಹೋಲ್ಟ್ಸ್ 1628ರಿಂದ 1973ರವರೆಗಿನ ಮಾರಾಟಗಳನ್ನು ಜೋಡಿಸಿ ಬೆಲೆಯ ಸೂಚ್ಯಂಕ ಕಟ್ಟಿದರು. ಹಣದುಬ್ಬರ ಕಳೆದ ಮೇಲೆ ಆ ಸುಮಾರು ಮೂರೂವರೆ ಶತಮಾನಗಳಲ್ಲಿ ಬೆಲೆ ಹೆಚ್ಚುಕಡಿಮೆ ದ್ವಿಗುಣವಾಯಿತಷ್ಟೇ. ವರ್ಷಕ್ಕೆ ನೂರಕ್ಕೆ 0.2ರಷ್ಟು. ನಡುವೆ ಯುದ್ಧ, ಪಿಡುಗು, ಸಮೃದ್ಧಿ ಎಲ್ಲ ಬಂದುಹೋದಂತೆ ದಶಕಗಟ್ಟಲೆ ಏರಿದ್ದೂ ಉಂಟು, ದಶಕಗಟ್ಟಲೆ ಇಳಿದದ್ದೂ ಉಂಟು. ಆ ಮನೆಗಳ ಒಡೆಯರಿಗೆ ಅಷ್ಟು ಕಾಲ ನಿಜವಾಗಿ ಸಿಕ್ಕದ್ದು ವಾಸದ ಸುಖ ಅಥವಾ ಬಾಡಿಗೆ.

ಇಡೀ ಮನೆ ಬೇಡ, ಪಾಲು ಸಾಕು ಎನ್ನುವವರಿಗೆ

ಒಂದು ಮನೆ ಕೊಳ್ಳುವುದೆಂದರೆ ಎಲ್ಲ ಮೊಟ್ಟೆಗಳನ್ನೂ ಒಂದೇ ಬೀದಿಯಲ್ಲಿ ಇಟ್ಟಂತೆ. ಹಣ ಬೇಕಾದಾಗ ಅಡುಗೆಮನೆಯನ್ನು ಮಾತ್ರ ಮಾರಲು ಬರುವುದಿಲ್ಲ. ಈ ಎರಡು ತೊಡಕಿಗೆ ಉತ್ತರವಾಗಿ ಬಂದದ್ದು ರೀಟ್, ಅಂದರೆ ಸ್ಥಿರಾಸ್ತಿ ಹೂಡಿಕೆ ಟ್ರಸ್ಟ್. ಅನೇಕರ ಹಣ ಕೂಡಿಸಿ ಕಚೇರಿ ಕಟ್ಟಡ, ಮಾಲು, ಗೋದಾಮುಗಳನ್ನು ಕೊಂಡು, ಬಂದ ಬಾಡಿಗೆಯನ್ನು ಹಂಚುವ ಸಂಸ್ಥೆ ಇದು. ಅಮೆರಿಕದಲ್ಲಿ 1960ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನಿನಿಂದ ಆರಂಭವಾಯಿತು. ಇಂದು ಅಲ್ಲಿ ತೆರಿಗೆಗೆ ಒಳಪಡುವ ಆದಾಯದ ಕನಿಷ್ಠ ನೂರಕ್ಕೆ 90ರಷ್ಟನ್ನು ಹೂಡಿಕೆದಾರರಿಗೆ ಹಂಚಲೇಬೇಕೆಂಬ ನಿಯಮವಿದೆ. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2014ರಲ್ಲಿ ನಿಯಮ ರೂಪಿಸಿತು, 2019ರಲ್ಲಿ ಮೊದಲ ರೀಟ್ ಷೇರುಪೇಟೆಗೆ ಬಂತು, 2021ರಿಂದ ಒಂದೇ ಒಂದು ಯೂನಿಟ್ಟನ್ನೂ ಕೊಳ್ಳಬಹುದಾಗಿದೆ.

ನಲ್ಲಿ ಸೋರಿದರೆ ನಿಮಗೆ ಫೋನು ಬರುವುದಿಲ್ಲ. ಬೇಕೆಂದಾಗ ಮಾರಬಹುದು. ಆದರೆ ಬೆಲೆ ಪ್ರತಿದಿನ ಕಣ್ಣ ಮುಂದೆ ಕುಣಿಯುತ್ತದೆ: ಬಡ್ಡಿದರಗಳು ಜಿಗಿದ 2022ರಲ್ಲಿ ಅಮೆರಿಕದ ರೀಟ್‌ಗಳು ಸುಮಾರು ಕಾಲು ಭಾಗ ಮೌಲ್ಯ ಕಳೆದುಕೊಂಡವು. ಸ್ವಂತ ಮನೆಯ ಬೆಲೆಯೂ ಹೀಗೆ ಏರಿಳಿಯುತ್ತಿರುತ್ತದೆ, ಗೋಡೆಯ ಮೇಲೆ ಯಾರೂ ದಿನಾ ಬರೆದು ಹೋಗುವುದಿಲ್ಲ ಅಷ್ಟೇ. ಮೂರು ಬಗೆಯ ದುಡಿಮೆಯ ಲೆಕ್ಕದಲ್ಲಿ ಇಲ್ಲಿ ನಿಮ್ಮ ಮೈಕೈಯದು ಶೂನ್ಯ. ಆದ್ದರಿಂದಲೇ ರೀಟ್ ಕೊಡುವುದನ್ನು ಸ್ವಂತ ಬಾಡಿಗೆ ಮನೆಯ ಗಳಿಕೆಯೊಡನೆ ಹೋಲಿಸುವಾಗ ನಿಮ್ಮ ಕೂಲಿಯನ್ನು ಮೊದಲು ಕಳೆದು ಹೋಲಿಸಬೇಕು.

ತೆರಿಗೆಯವರ ಪಾಲು

ದೇಶಕ್ಕೊಂದು ನಿಯಮ. ಭಾರತದಲ್ಲಿ ಪಡೆದ ಬಾಡಿಗೆಯಿಂದ ಸ್ಥಳೀಯ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ನೂರಕ್ಕೆ 30ರಷ್ಟನ್ನು ದುರಸ್ತಿ ಮುಂತಾದ ಖರ್ಚಿನ ಬಾಬ್ತು ಬಿಡುತ್ತಾರೆ. ನೀವು ಒಂದು ಪೈಸೆ ಖರ್ಚು ಮಾಡದಿದ್ದರೂ ಅಷ್ಟೇ, ದುಪ್ಪಟ್ಟು ಮಾಡಿದರೂ ಅಷ್ಟೇ. ಬ್ರಿಟನ್ನಿನಲ್ಲಿ ತಾನಿರುವ ಮನೆಯ ಸಜ್ಜುಗೊಳಿಸಿದ ಕೋಣೆಯನ್ನು ಬಾಡಿಗೆಗೆ ಕೊಟ್ಟವರಿಗೆ ವರ್ಷಕ್ಕೆ 7,500 ಪೌಂಡುಗಳವರೆಗೆ ತೆರಿಗೆಯಿಲ್ಲ. ಅಮೆರಿಕದಲ್ಲಿ ಸ್ವಂತ ವಾಸದ ಮನೆಯನ್ನು ವರ್ಷದಲ್ಲಿ 14 ದಿನ ಅಥವಾ ಅದಕ್ಕಿಂತ ಕಡಿಮೆ ಕಾಲ ಬಾಡಿಗೆಗೆ ಕೊಟ್ಟರೆ ಬಂದ ಹಣವನ್ನು ಆದಾಯದಲ್ಲಿ ತೋರಿಸಬೇಕಿಲ್ಲ. ಆಗಸ್ಟಾ ಊರಿನಲ್ಲಿ ಪ್ರತಿ ವರ್ಷ ದೊಡ್ಡ ಗಾಲ್ಫ್ ಪಂದ್ಯಾವಳಿ ನಡೆಯುವಾಗ ಅಲ್ಲಿನವರು ಮನೆ ಬಿಟ್ಟುಕೊಟ್ಟು ಹಣ ಮಾಡುವುದರಿಂದ ಈ ನಿಯಮಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಎಲ್ಲಿದ್ದರೂ ಒಂದು ಪುಸ್ತಕದಲ್ಲಿ ಬಂದದ್ದು, ಹೋದದ್ದು, ರಸೀತಿ ಸಂಖ್ಯೆ ಬರೆದಿಟ್ಟರೆ ಸಾಕು, ಅರ್ಧ ಕೆಲಸ ಮುಗಿದಂತೆ.

ಬಾಡಿಗೆದಾರರೇ ಇಲ್ಲದೆ ಮನೆಯಿಂದ ಹಣ

ವಯಸ್ಸಾದವರಿಗೆ ಇನ್ನೊಂದು ದಾರಿಯಿದೆ: ಹಿಮ್ಮುಖ ಅಡಮಾನ. ಗೃಹಸಾಲದಲ್ಲಿ ನೀವು ಬ್ಯಾಂಕಿಗೆ ಕಂತು ಕಟ್ಟುತ್ತ ಹೋದಂತೆ ಸಾಲ ಕರಗುತ್ತದೆ. ಇಲ್ಲಿ ಬ್ಯಾಂಕೇ ನಿಮಗೆ ಹಣ ಕೊಡುತ್ತ ಹೋಗುತ್ತದೆ, ಸಾಲ ಬೆಳೆಯುತ್ತದೆ, ನಿಮ್ಮ ಕಾಲಾನಂತರ ಮನೆ ಮಾರಿ ತೀರಿಸಿಕೊಳ್ಳುತ್ತಾರೆ. ಸಾಲ ತೀರಿಸಿ ಮಿಕ್ಕದ್ದು ವಾರಸುದಾರರದು. ಅಮೆರಿಕದ ಸರ್ಕಾರಿ ಯೋಜನೆಗೆ 62, ಭಾರತದಲ್ಲಿ 60 ವರ್ಷ ತುಂಬಿರಬೇಕು. ಮಕ್ಕಳೊಂದಿಗೆ ಮೊದಲೇ ಮಾತಾಡಿಕೊಳ್ಳದೆ ಸಹಿ ಹಾಕಿದರೆ ಮುಂದೆ ಮನಸ್ತಾಪ ಖಂಡಿತ.

ಫ್ರಾನ್ಸಿನಲ್ಲಿ ಇದರ ಹಳೆಯ ರೂಪವೊಂದಿದೆ, ವಿಯಾಜೆ ಎಂದು ಕರೆಯುತ್ತಾರೆ. ಕೊಳ್ಳುವವರು ಮನೆಯ ಒಡತಿಗೆ ಬದುಕಿರುವವರೆಗೂ ತಿಂಗಳು ತಿಂಗಳು ಹಣ ಕೊಡುತ್ತಾರೆ. ಅವರು ತೀರಿಕೊಂಡ ದಿನ ಮನೆ ಇವರ ಕೈಗೆ ಬರುತ್ತದೆ. 1965ರಲ್ಲಿ ಆರ್ಲ್ ಪಟ್ಟಣದ 47 ವರ್ಷದ ವಕೀಲರೊಬ್ಬರು ಝಾನ್ ಕಾಲ್ಮಾಂ ಎಂಬ 90 ವರ್ಷದ ವೃದ್ಧೆಯೊಡನೆ ಇಂಥ ಒಪ್ಪಂದ ಮಾಡಿಕೊಂಡರು, ತಿಂಗಳಿಗೆ 2,500 ಫ್ರಾಂಕು. ಲೆಕ್ಕ ಲಾಭದ್ದೇ ಆಗಿತ್ತು. ಮೂವತ್ತು ವರ್ಷ ಕಳೆದು 1995ರ ಡಿಸೆಂಬರಿನಲ್ಲಿ ವಕೀಲರು ತೀರಿಕೊಂಡಾಗ ಅವರು ಫ್ಲ್ಯಾಟಿನ ಬೆಲೆಯ ಎರಡು ಪಟ್ಟಿಗೂ ಹೆಚ್ಚು ಕಟ್ಟಿದ್ದರು, ಒಂದು ದಿನವೂ ಅದರಲ್ಲಿ ವಾಸವಿರಲಿಲ್ಲ. ಒಪ್ಪಂದ ಅವರೊಂದಿಗೆ ಸಾಯಲಿಲ್ಲ. ಹೆಂಡತಿ ಕಂತು ಮುಂದುವರಿಸಿದರು, 1997ರ ಆಗಸ್ಟಿನಲ್ಲಿ, ತಮ್ಮ 122ನೆಯ ವಯಸ್ಸಿನಲ್ಲಿ, ಕಾಲ್ಮಾಂ ತೀರಿಕೊಳ್ಳುವವರೆಗೆ.